ಮಾವನವರ ಜಾವಾ ಮತ್ತು ಒಂದು ಊದಿನಕಡ್ಡಿ

ಬೆಳಗಿನ ಹಾಲು ಉಕ್ಕುವ ಹೊತ್ತಿಗೆ ನಾನು ಹುಬ್ಬಳ್ಳಿ ನವನಗರದ ನಮ್ಮ ಮನೆಯಂಗಳದಲ್ಲಿ ಒಂಟಿಗಾಲಲ್ಲಿ ಕುಣಿಯುತ್ತಿದ್ದೆ. ಭಕ್ತಿಯಿಂದಲ್ಲ. ಮಾವನವರ ಹಳೆಯ ಜಾವಾ ಮೋಟಾರ್ ಸೈಕಲ್ಲಿನ ಕಿಕ್ಕು, ನಾನು ತುಳಿದ ರಭಸಕ್ಕಿಂತ ಹೆಚ್ಚಿನ ರಭಸದಲ್ಲಿ ತಿರುಗಿ ಬಂದು ನನ್ನ ಮುಂಗಾಲಿನ ಎಲುಬಿಗೆ ಬಡಿದಿತ್ತು.

ಅಡುಗೆಮನೆಯ ಕಿಟಕಿಯಲ್ಲಿ ಹೆಂಡತಿ ಭಾಗ್ಯಶ್ರೀಯ ಮುಖ ಕಾಣಿಸಿತು.

"ನೀವು ಗಾಡಿ ಒದ್ದೀರೋ, ಗಾಡಿ ನಿಮ್ಮನ್ನ ಒದೀತೋ?"

"ಇಬ್ರೂ ಒದ್ದೀವಿ. ಸಮ ಆತು."

"ಹಂಗಾರ ಕಮರುದ್ದೀನ ಭಾಯಿಗೆ ಒಂದು ಫೋನ್ ಹಚ್ಚಬಾರದ?"

"ಯಾತಕ್ಕ? ಟೈಮಿಂಗ್ ನಾನ ಕೂಡಸ್ತೇನಿ! ಪುಸ್ತಕ ಓದೇನಿ, ವಿಡಿಯೋ ನೋಡೇನಿ. ನಾಳೆ ಖಂಡೇ ಪೂಜಿಗೆ ಈ ಗಾಡಿ ಒಂದ ಕಿಕ್ಕಿಗೆ ಚಾಲೂ ಆಗಲಿಲ್ಲಂದ್ರ ನನ್ನ ಹೆಸರ ಬದಲಿ ಮಾಡು!"

"ಏನಂತ ಇಡ್ಲಿ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಅವಳು ಹಾಲಿನ ಕಡೆ ತಿರುಗಿದಳು.

ಖಂಡೇ ಪೂಜೆ ಎಂದರೆ ನಮ್ಮ ಕಡೆಯ ಆಯುಧಪೂಜೆ. ಇನ್ನು ಗಾಡಿಯ ಹಿನ್ನೆಲೆ ಹೇಳಬೇಕು. ನನ್ನ ಮಾವ, ಭಾಗ್ಯಶ್ರೀಯ ತಂದೆ ಸಿದ್ದಪ್ಪನವರು ಉಪ್ಪಿನಬೆಟಗೇರಿಯವರು. ಹತ್ತಿ ವ್ಯಾಪಾರಕ್ಕೆಂದು ಅರ್ಧ ಆಯುಷ್ಯ ಈ ಗಾಡಿಯ ಮೇಲೆ ಕಳೆದವರು. ಆಮೇಲೆ ಅದು ಅವರ ಕಾಳು ತುಂಬುವ ಹಗೇವಿನ ಪಕ್ಕದ ಕೋಣೆಯಲ್ಲಿ ಬೆಕ್ಕುಗಳಿಗೆ ಮಂಚವಾಗಿತ್ತು. ಈ ವರ್ಷ ಅವರ ಕಣ್ಣಿನ ಪೊರೆ ತೆಗೆಸಿದ ಮೇಲೆ, ಹೈವೇ ಪಕ್ಕ ಹೊಸ ಹೊಟೇಲು ಕಟ್ಟಿಸುತ್ತಿದ್ದ ಮೈಲಾರಿ ಎಂಬವರು ಬಂದು, ಗಾಡಿ ಕೊಡಿ, ಗೋಡೆಗೆ ತೂಗುಹಾಕುತ್ತೇನೆ ಎಂದರು. ಹಳೆಯ ಗಾಡಿ ನೋಡುತ್ತ ಗಿರಾಕಿಗಳು ರೊಟ್ಟಿ ತಿನ್ನುತ್ತಾರಂತೆ. ಮಾವನವರು ಹೂಂ ಎನ್ನುವುದರಲ್ಲಿದ್ದರು. ಭಾಗ್ಯಶ್ರೀ ಊಟ ಬಿಟ್ಟಳು. ಆಗ ಅವರು ತೀರ್ಪು ಕೊಟ್ಟರು: "ಖಂಡೇ ಪೂಜಿ ದಿನ ಗಾಡಿ ಓಡಿದ್ರ ನಿಮ್ಮ ಮನ್ಯಾಗ ಇರಲಿ. ಓಡಲಿಲ್ಲ, ಮೈಲಾರಿ ಗ್ವಾಡಿಗೆ ಹೋಗಲಿ. ನಿಂತ ಗಾಡಿ ಎಲ್ಲಿ ನಿಂತರೇನು?"

ಹತ್ತಿ ವ್ಯಾಪಾರಿಯ ಮಾತು. ಒಮ್ಮೆ ಆಡಿದರೆ ಮುಗಿಯಿತು.

ಕೇಶ್ವಾಪುರದ ಮೆಕ್ಯಾನಿಕ್ ಕಮರುದ್ದೀನ ಭಾಯಿ ಎಂಜಿನ್ನನ್ನು ಬಿಚ್ಚಿ, ಸಿಲಿಂಡರಿನ ಬೋರು ಕೊರೆಸಿ, ಹೊಸ ಪಿಸ್ಟನ್ ಹಾಕಿ, ಪೆಟ್ರೋಲ್ ಟಾಕಿಗೆ ಬಣ್ಣ ಹೊಡೆಸಿ, ಇಡೀ ಗಾಡಿಗೆ ಮರುಜನ್ಮ ಕೊಟ್ಟಿದ್ದರು. ಟೈಮಿಂಗ್ ಕೂಡಿಸುವುದೊಂದು ಬಾಕಿ ಇತ್ತು. ಅಷ್ಟರಲ್ಲಿ ಅವರ ಸೋದರಳಿಯನ ಮದುವೆ ಬಂತು. "ಮದುವಿ ಮುಗಿಸಿ ಬರ್ತೇನ್ರಿ ಸಾಹೇಬ್ರ, ಅಲ್ಲೀತನಕ ಮುಟ್ಟಬ್ಯಾಡ್ರಿ" ಎಂದು ಹೇಳಿ ಹೋದರು. ಮುಟ್ಟಬೇಡ ಎಂದದ್ದನ್ನು ಮುಟ್ಟಿಯೇ ನಾನು ಪತ್ರಿಕೆಯಲ್ಲಿ ಇಷ್ಟು ವರ್ಷ ಉಂಡಿದ್ದೇನೆ.

ಟೈಮಿಂಗ್ ಎಂದರೆ ಇಷ್ಟೇ. ಎಂಜಿನ್ನಿನೊಳಗೆ ಪಿಸ್ಟನ್ ಮೇಲಕ್ಕೆ ಏರುತ್ತದೆ. ಅದು ತುದಿ ಮುಟ್ಟುವುದಕ್ಕೆ ಕೂದಲೆಳೆಯಷ್ಟು ಮೊದಲು ಪ್ಲಗ್ಗಿನಲ್ಲಿ ಕಿಡಿ ಹಾರಬೇಕು. ಕಿಡಿ ತಡವಾದರೆ ಗಾಡಿ ಏದುಸಿರು ಬಿಡುತ್ತದೆ. ತೀರ ಬೇಗ ಹಾರಿದರೆ, ಏರುತ್ತಿರುವ ಪಿಸ್ಟನ್ನಿನ ತಲೆಯ ಮೇಲೆ ಗುದ್ದಿದಂತಾಗಿ ಅದು ಹಿಂದಕ್ಕೆ ತಿರುಗುತ್ತದೆ. ನನ್ನ ಮುಂಗಾಲಿಗೆ ಈ ಸಿದ್ಧಾಂತ ಅದಾಗಲೇ ಮನವರಿಕೆಯಾಗಿತ್ತು. ತಲೆಗೆ ಆಗಿರಲಿಲ್ಲ. ಪುರವಣಿಗೆ ಬರೆಯುವವನ ಬದುಕಿನಲ್ಲಿ ಬೇಗ ಎನ್ನುವುದು ಎಂದೂ ತಪ್ಪಲ್ಲ. ಬೇಗ ಕೊಟ್ಟ ಲೇಖನವನ್ನು ಯಾವ ಸಂಪಾದಕನೂ ಬೈದಿಲ್ಲ. ಕಿಡಿಗೂ ಅದೇ ನ್ಯಾಯ ಇರಬೇಕೆಂದು ನಾನು ಒಳಗೊಳಗೇ ನಂಬಿದ್ದೆ.

ಪಿಸ್ಟನ್ ಎಷ್ಟು ಮೇಲೆ ಬಂದಿದೆ ಎಂದು ಅಳೆಯಲು ಪ್ಲಗ್ ಬಿಚ್ಚಿದ ತೂತಿನಲ್ಲಿ ಅಳತೆಯ ಕಡ್ಡಿಯೊಂದನ್ನು ಇಳಿಬಿಡಬೇಕು. ಕಮರುದ್ದೀನ ಭಾಯಿಯ ಹತ್ತಿರ ಅದಕ್ಕೊಂದು ಸಲಕರಣೆ ಇದೆ. ನಮ್ಮ ಹತ್ತಿರ ಇದ್ದದ್ದು ಊದಿನಕಡ್ಡಿ. ಬಿದಿರಿನ ಬರಿಯ ತುದಿಯನ್ನು ತೂತಿಗೆ ಇಳಿಸಿದೆ. ಭಾಗ್ಯಶ್ರೀ ಪಕ್ಕದಲ್ಲಿ ಟಾರ್ಚ್ ಹಿಡಿದು ಕೂತಳು.

"ದೇವರಿಗೆ ಬೆಳಗೂದು ಬಿಟ್ಟು ಪಿಸ್ಟನ್ನಿಗೆ ಊದಿನಕಡ್ಡಿ ಬೆಳಗಾಕತ್ತೀರಿ. ಇದ್ಯಾವ ಮಠದ ಪದ್ಧತಿರಿ?"

"ಬೆಳಕ ಇತ್ಲಾಗ ಹಿಡಿ. ವಿಜ್ಞಾನ ನಡದೈತಿ."

"ಆ ಸ್ಕ್ರೂ ಭಾಳ ಸಡ್ಲ ಮಾಡಬ್ಯಾಡ್ರಿ. ಜಾಗಾ ತಪ್ಪತೈತಿ."

"ನಿನಗ ಹ್ಯಾಂಗ ಗೊತ್ತು?"

"ಸುಮ್ನ ಅಂದೆ" ಎಂದಳು. ನಾನೂ ಸುಮ್ಮನೆ ಬಿಟ್ಟೆ. ಮತ್ತೊಂದು ಪ್ರಶ್ನೆ ಕೇಳಬಹುದಿತ್ತು. ಕೇಳಲಿಲ್ಲ.

ಪಿಸ್ಟನ್ನಿನ ತುದಿಗೊಂದು, ಕಿಡಿ ಹಾರಬೇಕಾದ ಜಾಗಕ್ಕೊಂದು, ಹೀಗೆ ಕಡ್ಡಿಯ ಮೇಲೆ ಎರಡು ಗೆರೆ ಎಳೆದೆ. ಅಷ್ಟು ನಿಖರವಾದ ಗೆರೆಯನ್ನು ನಾನು ಜನ್ಮದಲ್ಲಿ ಎಳೆದಿರಲಿಲ್ಲ! ಕಿಡಿಯ ಹೊತ್ತನ್ನು ಹಿಂದೆ ಮುಂದೆ ಮಾಡುವ ಪಾಯಿಂಟಿನ ತಟ್ಟೆಯ ಸ್ಕ್ರೂಗಳನ್ನು ಸಡಿಲಿಸಿಟ್ಟೆ. ಅಷ್ಟರಲ್ಲಿ ಕಚೇರಿಯಿಂದ ಕರೆ ಬಂತು. ಕಡ್ಡಿಯನ್ನು ಜೋಪಾನವಾಗಿ ಒಳಗೆ ತಂದು, ಯಾರೂ ತುಳಿಯದ, ಯಾರೂ ಕೂರದ ಜಾಗ ಎಂದು ದೇವರ ಜಗಲಿಯ ಮೇಲಿಟ್ಟು ಹೋದೆ.

ಸಂಜೆ ಮನೆಗೆ ಬಂದಾಗ ಒಳ್ಳೆಯ ಪರಿಮಳ ಹರಡಿತ್ತು.

"ಏನ ಘಮಾ ಅಂತೀನಿ!" ಎಂದೆ.

"ನಾಳೆ ಹಬ್ಬ ಅಲ್ಲೇನ್ರಿ? ಲಿಂಗಪೂಜಿಗೆ ಹಚ್ಚಿದೆ. ಜಗಲಿ ಮ್ಯಾಲ ಒಂದ ಕಡ್ಡಿ ಬಿಡಿ ಬಿದ್ದಿತ್ತು."

ನಾನು ಜಗಲಿಯ ಮುಂದೆ ಕುಸಿದು ಕೂತೆ. ನನ್ನ ಎರಡು ಗೆರೆಗಳು ಬೂದಿಯಾಗಿ, ಹಿತ್ತಾಳೆಯ ಊದಿನಕಡ್ಡಿ ಗೂಡಿನ ಕೆಳಗೆ ಬಾಗಿ ಬಿದ್ದಿದ್ದವು. ಗೂಡಿನಲ್ಲಿ ಚುಚ್ಚಿಕೊಂಡು ಉಳಿದದ್ದು ಬೆರಳುದ್ದದ ಬಿದಿರು.

"ಭಾಗ್ಯಾ, ನೀ ಸುಟ್ಟದ್ದು ಊದಿನಕಡ್ಡಿ ಅಲ್ಲ. ನನ್ನ ಟೈಮಿಂಗು!"

"ಅಯ್ಯ ಶಿವನ! ಟೈಮಿಂಗ್ ಯಾರರ ದೇವರ ಮುಂದ ಇಡ್ತಾರೇನ್ರಿ?" ಎಂದು ಸೆರಗು ಬಾಯಿಗೆ ಒತ್ತಿ ನಗತೊಡಗಿದಳು. ಆಮೇಲೆ ನಗು ತಾನೇ ನಿಂತಿತು. "ನಾಳೆ ಗಾಡಿ ಹೋಗತೈತೇನ್ರಿ ಹಂಗಾರ? ಗ್ವಾಡಿಗೆ?"

ಆ ಪ್ರಶ್ನೆಯನ್ನು ಅವಳು ಮೆಲ್ಲಗೆ ಕೇಳಿದಳು. ಚಿಕ್ಕವಳಿದ್ದಾಗ ಆ ಗಾಡಿಯ ಟಾಕಿಯ ಮೇಲೆ ಕೂತು, ಹತ್ತಿ ಸಂತೆಯಿಂದ ಬರುವಾಗ ಅಲ್ಲೇ ನಿದ್ದೆ ಹೋಗುತ್ತಿದ್ದಳಂತೆ. ಗೋಡೆಯ ಮೊಳೆಗೆ ತೂಗುಬಿದ್ದ ಅದರ ಕೆಳಗೆ ಯಾರೋ ಮೂಳೆ ಕಡಿಯುತ್ತ ಕೂತಿರುವುದನ್ನು ಅವಳು ಕಲ್ಪಿಸಿಕೊಳ್ಳಲಾರಳು. ಅಹಂಕಾರ ಬಿಟ್ಟು ಕಮರುದ್ದೀನ ಭಾಯಿಗೆ ಫೋನು ಹಚ್ಚಿದೆ.

ಆ ಕಡೆ ಬ್ಯಾಂಡು ಬಾರಿಸುತ್ತಿತ್ತು. "ಸಾಹೇಬ್ರ! ಮುಟ್ಟೀರೇನು? ಹೌದಲ್ರಿ? ಇರಲಿ ಬಿಡ್ರಿ. ಫೋನು ಎಂಜಿನ್ನಿಗೆ ಹಿಡೀರಿ, ಕಿಕ್ ಹೊಡೀರಿ. ನನ ಕಿವಿನ ಮೀಟರ್ ಐತಿ, ಇಡೀ ಹುಬ್ಬಳ್ಳಿಗೆ ಗೊತ್ತದು!"

ಅಂಗಳಕ್ಕೆ ಹೋಗಿ, ಪ್ಲಗ್ ಮತ್ತೆ ಕೂಡಿಸಿ, ಒಂದು ಕೈಯಲ್ಲಿ ಫೋನು ಹಿಡಿದು ಕಿಕ್ ತುಳಿದೆ. ಎಂಜಿನ್ ಉಸಿರೆತ್ತಲಿಲ್ಲ. ಮತ್ತೆ ತುಳಿದೆ. ಇಲ್ಲ.

"ಹಾಂ! ಚಾಲೂ ಆತಲ್ರಿ!" ಎಂದಿತು ಫೋನು. "ಆದ್ರ ಜಡ ಐತಿ ನೋಡ್ರಿ. ಒಳಗ ಏನೋ ದಪ್ಪಂದು ತಿರಗಾಕತ್ತೈತಿ. ಪೆಟ್ರೋಲಿನ್ಯಾಗ ಆಯಿಲ್ ಹೆಚ್ಚು ಹಾಕೀರಿ!"

ಅದು ಅಡುಗೆಮನೆಯ ಮಿಕ್ಸರ್. ಭಾಗ್ಯಶ್ರೀ ನಾಳೆಯ ಹೋಳಿಗೆಗೆ ಹೂರಣ ರುಬ್ಬುತ್ತಿದ್ದಳು. ಹುಬ್ಬಳ್ಳಿಗೆಲ್ಲ ಗೊತ್ತಿರುವ ಕಿವಿ ಕಡಲೆಬೇಳೆಯ ಟೈಮಿಂಗ್ ಸರಿಪಡಿಸುತ್ತಿತ್ತು! ಧನ್ಯವಾದ ಹೇಳಿ ಫೋನಿಟ್ಟೆ.

ಉಳಿದದ್ದು ಅಂದಾಜು. ಹೊಸ ಕಡ್ಡಿಯ ಮೇಲೆ ನೆನಪಿನಿಂದ ಗೆರೆ ಎಳೆದೆ, ಪಾಯಿಂಟಿನ ತಟ್ಟೆಯನ್ನು ತಿರುಗಿಸಿದೆ. ತಡವಾಗುವುದಕ್ಕಿಂತ ಬೇಗ ಮೇಲು ಎಂದು ಇನ್ನೊಂದು ಕೂದಲೆಳೆ ಮುಂದಕ್ಕೆ ತಳ್ಳಿದೆ. ಧೈರ್ಯಕ್ಕೆ ಮತ್ತೊಂದು ಕೂದಲೆಳೆ. ಸ್ಕ್ರೂ, ಪ್ಲಗ್ಗು ಬಿಗಿದು, ನಾಳೆ ಮಾವನವರ ಎದುರಿಗೇ ಮೊದಲ ಕಿಕ್ ಎಂದು ನಿರ್ಧರಿಸಿ ಕೈ ತೊಳೆದುಕೊಂಡೆ.

ಮರುದಿನ ಮಾವನವರು ಕಪ್ಪು ಕನ್ನಡಕ ಹಾಕಿಕೊಂಡು ಬಂದರು. ಅವರ ಬೆನ್ನಿಗೇ ಮೈಲಾರಿ ಒಂದು ಪಿಕಪ್ ಗಾಡಿ ತಂದು ಗೇಟಿನ ಹೊರಗೆ ನಿಲ್ಲಿಸಿದರು. ಬಂದವರೇ ಗೇಟಿನ ಕಡೆಗಿದ್ದ ಪಿಕಪ್ಪಿನ ಹಿಂಬಾಗಿಲು ತೆರೆದು, ಅಗಲವಾದ ಹಲಗೆಯೊಂದನ್ನು ನೆಲಕ್ಕೆ ಇಳಿಜಾರಾಗಿ ಹಾಕಿಸಿದರು.

"ಇನ್ನೂ ಗಾಡಿ ನಿಮ್ದಾಗಿಲ್ರಿ" ಎಂದೆ.

"ಅಯ್ಯ, ಹಲಗಿ ಹಾಕಿದ್ರ ತಪ್ಪೇನ್ರಿ? ಆಮ್ಯಾಲ ಗಡಿಬಿಡಿ ಬ್ಯಾಡಂತ" ಎಂದು ನಕ್ಕು, ಮೈಲಾರಿ ಟೇಪು ತೆಗೆದು, ಗೇಟಿಗೆ ಬೆನ್ನುಮಾಡಿ ನಿಂತಿದ್ದ ಗಾಡಿಯ ಹಿಂದೆ ಕುಕ್ಕುರುಗಾಲಲ್ಲಿ ಕೂತು ಅದರ ಉದ್ದ ಅಳೆಯತೊಡಗಿದರು.

ಭಾಗ್ಯಶ್ರೀ ಹೆಡ್‌ಲೈಟಿಗೆ ಮೂರೆಳೆ ವಿಭೂತಿ ಹಚ್ಚಿದಳು, ಹ್ಯಾಂಡಲಿಗೆ ಚೆಂಡುಹೂವಿನ ಮಾಲೆ ಹಾಕಿದಳು, ಗಾಲಿಗಳ ಮುಂದೆ ಲಿಂಬೆಹಣ್ಣು ಇಟ್ಟಳು. ಮಾವನವರು ಗಾಡಿಯ ಮುಂದೆ ಕಾಯಿ ಒಡೆದು, "ನಡೀರಿ ಅಳಿಯಾರ. ಲಿಂಬಿಹಣ್ಣ ಒಡಕೊಂಡು ಮುಂದ ಬರ್ರಿ" ಎಂದರು.

ಮುಂಗಾಲಿನ ನೋವು ನೆನಪಾಯಿತು. ಆದ್ದರಿಂದ ಕಿಕ್ಕನ್ನು ಪೂರ್ತಿ ತುಳಿಯಲಿಲ್ಲ. ಮರ್ಯಾದೆಯಿಂದ ಅರ್ಧಕ್ಕೆ ಒತ್ತಿ ಕಾಲು ಎತ್ತಿಕೊಂಡೆ. ಏನಾಶ್ಚರ್ಯ! ಗಾಡಿ ಚಾಲೂ ಆಯಿತು! ಸದ್ದು ಕೊಂಚ ಒರಟಾಗಿತ್ತು, ಹೊಗೆ ಕೊಂಚ ಹೆಚ್ಚಿತ್ತು. ನಾನು ಲೋಕಕ್ಕೆಲ್ಲ ಕೇಳುವಂತೆ ಎರಡು ಸಲ ಆಕ್ಸಿಲರೇಟರ್ ತಿರುಗಿಸಿದೆ. ಮಾವನವರ ತಲೆ ಮಾತ್ರ ಒಂದು ಕಡೆಗೆ ವಾಲಿತು. "ಅಳಿಯಾರ, ತಡೀರಿ. ಆವಾಜ..." ಎಂದರು.

ತಡೆಯುವ ಸ್ಥಿತಿಯಲ್ಲಿ ನಾನಿರಲಿಲ್ಲ. ಒಂದನೆಯ ಗೇರು ಹಾಕಿ, ವೀರನಂತೆ ಎದುರು ನೋಡುತ್ತ ಕ್ಲಚ್ ಬಿಟ್ಟೆ.

ಗಾಡಿ ಹಿಂದಕ್ಕೆ ಹೋಯಿತು.

ಕಿಡಿ ಅಷ್ಟು ಬೇಗ ಹಾರಿತ್ತು, ನನ್ನ ಕಿಕ್ಕು ಅಷ್ಟು ಅರೆಮನಸ್ಸಿನದಾಗಿತ್ತು. ಪಿಸ್ಟನ್ ತುದಿಗೆ ಹೋಗದೆ ವಾಪಸು ತಿರುಗಿ, ಇಡೀ ಎಂಜಿನ್ನು ಉಲ್ಟಾ ಸುತ್ತುತ್ತಿತ್ತು. ಹಳೆಯ ಟೂ ಸ್ಟ್ರೋಕ್ ಗಾಡಿಗಳಿಗೆ ಮಾತ್ರ ಸಾಧ್ಯವಾದ ವಿದ್ಯೆ ಇದು ಎಂದು ಆಮೇಲೆ ಓದಿ ತಿಳಿದೆ. ಆಗ ತಿಳಿದದ್ದು ಇಷ್ಟೇ: ಮುಂದೆ ಮಾವನವರು ಸಣ್ಣಗಾಗುತ್ತಿದ್ದಾರೆ, ಹಿಂದೆ ಮೈಲಾರಿ "ಏ ಏ ಏ!" ಎಂದು ಕೂಗುತ್ತ ಟೇಪಿನ ಸಮೇತ ಗೇಟಿನ ಕಂಬ ಹತ್ತುತ್ತಿದ್ದಾರೆ. ಗಾಬರಿಯಲ್ಲಿ ಆಕ್ಸಿಲರೇಟರನ್ನು ಇನ್ನಷ್ಟು ತಿರುವಿದೆ. ಗಾಡಿ ಗೇಟು ದಾಟಿ, ಅಳತೆ ಮಾಡಿಟ್ಟಂತಿದ್ದ ಹಲಗೆಯನ್ನು ಹಿಂಬದಿಯಿಂದಲೇ ಏರಿ, ಮಾಲೆ ವಿಭೂತಿಗಳ ಸಮೇತ ಪಿಕಪ್ಪಿನೊಳಗೆ ಹೋಗಿ, ಕ್ಯಾಬಿನ್ನಿಗೆ ಡಬ್ಬೆಂದು ತಾಗಿ ನಿಂತಿತು. ನಾನು ಇನ್ನೂ ಅದರ ಮೇಲೇ ಕೂತಿದ್ದೆ.

ಮೈಲಾರಿ ಕಂಬದಿಂದ ಇಳಿದು ಕೈ ಮುಗಿದರು.

"ಯಜಮಾನ್ರ, ನೋಡಿದ್ರೇನು? ನಾವ್ಯಾರೂ ಮುಟ್ಟಿಲ್ಲ. ಗಾಡಿ ತಾನ ಬಂದು ಹತ್ತೈತಿ! ನಮ್ಮ ಹೊಟೇಲಿನ ಋಣ ಐತಿ ಅದಕ್ಕ. ಅಳಿಯಾರು ಇಳದ್ರಂದ್ರ ನಾವು ಹೊಂಡ್ತೀವಿ."

ಮಾವನವರು ಕಪ್ಪು ಕನ್ನಡಕದೊಳಗಿಂದ ನನ್ನ ದಿಕ್ಕಿಗೆ ನೋಡಿದರು. ತೀರ್ಪು ಆಗಿಹೋಯಿತು ಎಂದುಕೊಂಡೆ.

"ಅಪ್ಪಾ" ಎಂದಳು ಭಾಗ್ಯಶ್ರೀ. "ನೀ ಹೇಳಿದ್ದು ಗಾಡಿ ಓಡಬೇಕಂತ. ಇವ್ರು ಓಡಸ್ಬೇಕಂತ ಅಲ್ಲ."

"ಅಲ್ಲ" ಎಂದರು ಅವರು, ಸ್ವಲ್ಪ ಯೋಚಿಸಿ. "ಹಂಗೇನ ಅಂದಿಲ್ಲ."

"ಮತ್ತ ದಿನಾ ಮುಗದಿಲ್ಲಲ್ಲ?"

ಅವಳು ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಪಿಕಪ್ ಹತ್ತಿದಳು. ತಂದೆಯನ್ನು ಕೈಹಿಡಿದು ಹತ್ತಿಸಿಕೊಂಡಳು. ಎಂಜಿನ್ನಿನ ಪಕ್ಕದ ಮುಚ್ಚಳ ಬಿಚ್ಚಿದಳು. ನನ್ನ ಕೈಗೆ ಟಾರ್ಚ್ ಬಂತು.

"ತಟ್ಟಿ ಭಾಳ ಮುಂದ ಐತೆಪ್ಪಾ."

"ಇರ್ತೈತಿ. ಅಳಿಯಾರಿಗೆ ಎಲ್ಲಾದಕ್ಕೂ ಅವಸರ. ಹಿಂದ ತಗೋ. ಇನ್ನ ತುಸು. ಯಾಕವ್ವಾ, ಟಾರ್ಚ್ ಮಂಕ ಆಗೈತಲ್ಲ?"

"ಇಲ್ಲ. ನಿನ್ನ ಕನ್ನಡಕ ಕಪ್ಪಂದು."

"ಹೌದಲ್ಲ" ಎಂದು ಅವರು ಕೈ ಹಿಂದಕ್ಕೆ ತೆಗೆದುಕೊಂಡರು. "ನೀ ಬಿಗಿ."

ಸ್ಕ್ರೂ ಬಿಗಿದು ಅವಳು ಗಾಡಿಯನ್ನು ನ್ಯೂಟ್ರಲಿಗೆ ತಂದಳು. ಗೇರಿನ ಲಿವರನ್ನೇ ಒಳಕ್ಕೆ ಒತ್ತಿ ಮೇಲೆತ್ತಿದರೆ ಕಿಕ್ಕಾಗುವ ಗಾಡಿ ಅದು. ನನಗೆ ಆ ಕೌಶಲ ಕೂಡಿಬರಲು ಒಂದು ವಾರ ಹಿಡಿದಿತ್ತು. ಅವಳು ನೋಡದೆಯೇ ಎತ್ತಿದಳು. ಮೈಯ ಭಾರವನ್ನೆಲ್ಲ ಹಾಕಿ, ತಳದವರೆಗೆ ಒಂದೇ ಸಲ ತುಳಿದಳು. ಗಾಡಿ ಚಾಲೂ ಆಯಿತು. ಈ ಸಲದ ಸದ್ದು ಬೇರೆಯಾಗಿತ್ತು. ದುಂಡಗೆ, ನಿಧಾನಕ್ಕೆ, ಮನೆಗೆ ಬಂದ ಹಿರಿಯರು ಕೆಮ್ಮಿದ ಹಾಗೆ. ಮಾವನವರು ಕನ್ನಡಕ ತೆಗೆದು ಧೋತರದ ಚುಂಗಿನಿಂದ ಕಣ್ಣೊರೆಸಿಕೊಂಡರು. ಡಾಕ್ಟರು ಕಣ್ಣು ಮುಟ್ಟಬಾರದೆಂದು ಹೇಳಿದ್ದರು.

ಅವಳು ಹಲಗೆ ಇಳಿದು ರಸ್ತೆಯ ತಿರುವಿನವರೆಗೆ ಹೋಗಿ ಬಂದಳು. ಮುಂದಕ್ಕೇ ಹೋಗಿ, ಮುಂದಕ್ಕೇ ಬಂದಳು.

"ನೀ ಇದನ್ನ ಯಾವಾಗ ಕಲ್ತಿ?" ಎಂದೆ.

"ಕಾಲೇಜಿನ್ಯಾಗ ಇದ್ದಾಗ, ನಮ್ಮೂರ ಹೊಲದಾಗ. ಅಪ್ಪ ಕಲಿಸಿದ್ದ."

"ಇಷ್ಟ ವರ್ಷ ಹೇಳ್ಲಿಲ್ಲ?"

"ನೀವು ಕೇಳಿದ್ರೇನು? ಊರ ಮಂದಿಗೆಲ್ಲಾ ಪ್ರಶ್ನೆ ಕೇಳ್ತೀರಿ, ಮನ್ಯಾಗ ಬರೇ ಉತ್ತರ ಹೇಳ್ತೀರಿ!"

"ಹಂಗಾರ ಹೋಳಿಗಿ ನಾ ಬಡಸ್ಲೇನು?" ಎಂದು ಕೇಳಿದೆ. ಒಂದು ರೀತಿಯಲ್ಲಿ ಅದೇ ಸುಧಾರಣೆ.

ಮೈಲಾರಿ ಹೋಳಿಗೆ ಉಂಡು, ಖಾಲಿ ಪಿಕಪ್ ತೆಗೆದುಕೊಂಡು ಹೋದರು. ಹೋಗುವಾಗ ಅವರು ಕುಲುಕಿದ್ದು ನನ್ನ ಕೈಯಲ್ಲ, ಭಾಗ್ಯಶ್ರೀಯದು. ಮಾವನವರು ಗಾಡಿಯ ಕಾಗದಪತ್ರ ಬದಲಿಸಲು ಬೇಕಾದ ಸಹಿಗಳನ್ನು ಅಲ್ಲೇ ಮಾಡಿದರು. ಹೆಸರಿನ ಜಾಗದಲ್ಲಿ ಮಗಳ ಹೆಸರು ಬರೆಸಿದರು. ನಾನು ಪೆನ್ನು ಕೊಟ್ಟೆ.

ಬರುವ ಭಾನುವಾರ ಅಪ್ಪ, ಮಗಳು ಜಾವಾದ ಮೇಲೆ ಉಪ್ಪಿನಬೆಟಗೇರಿಗೆ ಹೋಗುತ್ತಾರೆ. ಸೀಟಿನಲ್ಲಿ ಇಬ್ಬರಿಗಷ್ಟೇ ಜಾಗ. ನಾನು ಬಸ್ಸಿಗೆ ಬರುತ್ತೇನೆ.