ಶಾಸಕರ ಸಮಿತಿಯೂ ನನ್ನ ಕುತ್ತಿಗೆಯೂ

ನನ್ನ ರಾತ್ರಿಯ ನಿದ್ದೆ ಕೆಟ್ಟದ್ದು ಮಧ್ಯಾಹ್ನ ಮೂರು ಗಂಟೆ ಹತ್ತು ನಿಮಿಷಕ್ಕೆ. ಇಷ್ಟು ಖಚಿತವಾಗಿ ಹೇಗೆ ಗೊತ್ತೆಂದರೆ, ಆಗ ನಾನು ಅಂಗಡಿಯ ಗಡಿಯಾರ ನೋಡುತ್ತ ಆಕಳಿಸುತ್ತಿದ್ದೆ. ಕೊಪ್ಪದ ತಾಲ್ಲೂಕು ಕಚೇರಿಯ ಹತ್ತಿರ ನನ್ನದೊಂದು ಝೆರಾಕ್ಸ್ ಅಂಗಡಿ. ಬಿ.ಕಾಂ. ಮುಗಿಸಿ, ಬೇರೆಯವರು ಬರೆದದ್ದನ್ನು ಓದದೆ ಪ್ರತಿ ತೆಗೆದುಕೊಡುವುದೇ ವೃತ್ತಿ. ಅಂಗಡಿಯ ಮೇಲಿನ ಕೋಣೆಯಲ್ಲಿ ಒಬ್ಬನೇ ಇರುತ್ತೇನೆ. ಆಕಳಿಸಿದರೆ ಎದುರು ಆಕಳಿಸುವವರೂ ಇಲ್ಲ.

ಆಗ ಹದಿನಾರು ಹದಿನೇಳರ ಹುಡುಗನೊಬ್ಬ ಕತ್ತಿ ಹಿಡಿದುಕೊಂಡು ಒಳಗೆ ಬಂದ. ಬೇರೆ ಊರಿನವರಾಗಿದ್ದರೆ ಆಗಲೇ ಕಿರುಚಿ ಬಚಾವಾಗುತ್ತಿದ್ದರು. ನಮ್ಮ ಕಡೆ ಕತ್ತಿ ಹಿಡಿದವನಿಗೆ ಹೆದರುವುದೆಂದರೆ ಕೊಡೆ ಹಿಡಿದವನಿಗೆ ಹೆದರಿದ ಹಾಗೆ. ಸೊಪ್ಪು ಕಡಿಯಲು, ಬೇಲಿ ಸವರಲು ಹೊರಟವರು ಕತ್ತಿಯ ಸಮೇತ ಪೇಟೆ ಕೆಲಸವನ್ನೂ ಮುಗಿಸಿಕೊಂಡು ಹೋಗುತ್ತಾರೆ. ಹಾಗಾಗಿ ನಾನು ಎಂದಿನಂತೆ, “ಎಷ್ಟು ಕಾಪಿ?” ಎಂದೆ. ಅವನು ಕತ್ತಿಯನ್ನು ನನ್ನ ಕುತ್ತಿಗೆಗೆ ಇಟ್ಟ. ಆಗಲೂ ಒಂದು ಕ್ಷಣ, ‘ಅಲ್ಲಿ ಮೂಲೇಲಿ ಇಡು ಮಾರಾಯ’ ಎನ್ನುವುದರಲ್ಲಿದ್ದೆ.

ಮೇಜಿನ ಮೇಲಿದ್ದ ನನ್ನ ಮೊಬೈಲ್ ಎತ್ತಿಕೊಂಡು ಅವನು ಬಸ್‌ಸ್ಟ್ಯಾಂಡಿಗೆ ಓಡಿ, ನರಸಿಂಹರಾಜಪುರದ ಬಸ್ಸು ಹತ್ತಿ ಕೂತ. ಬಸ್ಸು ಹೊರಡಲಿಲ್ಲ, ಡ್ರೈವರು ಚಾ ಕುಡಿಯುತ್ತಿದ್ದ. ನಮ್ಮ ಬಸ್ಸುಗಳ ಸ್ವಭಾವ ಅರಿಯದವರು ಇಂಥ ಕಸುಬಿಗೆ ಇಳಿಯಬಾರದು. ಪೊಲೀಸರು ಬಂದು ಕಿಟಕಿ ಪಕ್ಕದ ಸೀಟಿನಿಂದ ಅವನನ್ನು ಇಳಿಸಿಕೊಂಡು ಹೋದರು. ಮೊಬೈಲ್ ಸಿಕ್ಕಿತು.

ನಿದ್ದೆ ಮಾತ್ರ ಸಿಗಲಿಲ್ಲ. ಕಣ್ಣು ಮುಚ್ಚಿದರೆ ಕುತ್ತಿಗೆಯ ಎಡಗಡೆ ತಣ್ಣಗಾಗುತ್ತಿತ್ತು. ಕ್ಷೌರಿಕರ ಕೈಗೆ ಕುತ್ತಿಗೆ ಕೊಡುವ ಧೈರ್ಯ ಸಾಲದೆ ಗಡ್ಡ ಬಿಟ್ಟೆ. ಕಂಡವರೆಲ್ಲ, “ಮಾಲೆ ಯಾವಾಗ ಹಾಕಿದ್ರಿ ಸ್ವಾಮಿ? ಶಬರಿಮಲೆಗೆ ಯಾವ ಗಾಡಿ?” ಎಂದು ಕೈಮುಗಿಯತೊಡಗಿದರು. ಹೆದರಿಕೆಗೆ ಇಷ್ಟು ಮರ್ಯಾದೆ ಸಿಗುತ್ತದೆಂದು ನನಗೆ ಗೊತ್ತಿರಲಿಲ್ಲ.

ಯಾರಾದರೊಬ್ಬರಿಗೆ ಇದನ್ನು ಮೊದಲಿನಿಂದ ಕೊನೆಯವರೆಗೆ ಹೇಳಿಬಿಟ್ಟರೆ ಎದೆ ಹಗುರಾದೀತು ಎನಿಸುತ್ತಿತ್ತು. ನಮ್ಮಲ್ಲಿ ಕೇಳುವವರಿಗೆ ಬರವಿಲ್ಲ, ಪೂರ್ತಿ ಕೇಳುವವರಿಗೆ ಬರ. ಹೋಟೆಲಿನ ಸುಬ್ಬಣ್ಣನ ಮುಂದೆ ಕೂತು, “ಕತ್ತಿ ಕುತ್ತಿಗೆಗೆ ಇಟ್ಟ ಕೂಡ್ಲೆ...” ಎನ್ನುವಷ್ಟರಲ್ಲಿ, “ಅದೆಂತ ದೊಡ್ಡದು ಬಿಡೋ ಮಾರಾಯ! ನಮ್ಮ ಭಾವನ್ನ ಕಾಡುಹಂದಿ ಅಟ್ಟಿಸ್ಕಂಡು ಬಂದಿತ್ತು. ಹೆದರಿಕೆ ಅಂದ್ರೆ ಅದು!” ಎಂದು ಆ ಹಂದಿಯನ್ನು ನನ್ನ ಕಥೆಯೊಳಗೆ ನುಗ್ಗಿಸಿದ. ಅಕ್ಕನಿಗೆ ಫೋನು ಮಾಡಿದರೆ, “ಅಯ್ಯೋ ದೇವರೆ! ಇರು, ಕುಕ್ಕರ್ ಕೂಗ್ತು,” ಎಂದು ಹೋದವಳು ತಿರುಗಿ ಬರುವಷ್ಟರಲ್ಲಿ, ನಾನು ಮದುವೆಯಾಗದ್ದೇ ಇದಕ್ಕೆಲ್ಲ ಮೂಲ ಎಂದು ಕಂಡುಹಿಡಿದಿದ್ದಳು. ಠಾಣೆಯಲ್ಲಂತೂ, ಬರೆದುಕೊಳ್ಳುತ್ತಿದ್ದವರು, “ಕತ್ತಿ ತೋರಿಸಿ ಹೆದರಿಸಿದ. ಸಾಕಲ್ರೀ, ಇನ್ನೆಂತ ಬೇಕು?” ಎಂದು ಪೆನ್ನಿನ ಮುಚ್ಚಳ ಹಾಕಿದ್ದರು.

ಹೀಗಿರುವಾಗ ಶಾಸಕರ ಸಮಿತಿಯೊಂದು ಕೊಪ್ಪಕ್ಕೆ ಬರುತ್ತದೆಂದು ತಿಳಿಯಿತು. ತಪ್ಪು ಮಾಡಿದ ಎಳೆಯರನ್ನು ಏನು ಮಾಡಬೇಕು, ಅವರ ಕಾನೂನನ್ನು ಹೇಗೆ ತಿದ್ದಬೇಕು ಎಂದು ಊರೂರಿನಲ್ಲಿ ಜನರ ಮಾತು ಕೇಳುವ ಸಮಿತಿ. ನನಗೂ ಕರೆ ಬಂತು. ಕೇಳುವುದಕ್ಕೆಂದೇ ಸರ್ಕಾರ ನೇಮಿಸಿದ ಏಳು ಜನ! ಅವರಲ್ಲಿ ಯಾರ ಕುಕ್ಕರೂ ಕೂಗುವಂತಿಲ್ಲ. ನಾನು ಮೂರು ದಿನ ಮೊದಲೇ ಶರ್ಟಿಗೆ ಇಸ್ತ್ರಿ ಹಾಕಿಸಿದೆ.

ಆದರೆ ನಮ್ಮೂರಿನ ಗುಣ ನಾನು ಮರೆತಿದ್ದೆ. ಹೊರಗಿನಿಂದ ನಾಲ್ಕು ಜನ ಬಂದರೆಂದರೆ ನಮಗೆ ಅದು ಸಭೆ. ಸಭೆಯೆಂದರೆ ಪ್ರಾರ್ಥನೆ, ಸ್ವಾಗತ, ದೀಪ, ಶಾಲು, ಹಣ್ಣಿನ ಬುಟ್ಟಿ. ಅಧ್ಯಕ್ಷರು, “ಇದು ಸಮಾರಂಭವಲ್ಲ, ವಿಚಾರಣೆ,” ಎಂದು ಎರಡು ಸಲ ಹೇಳಿದರು. ನಿರೂಪಣೆಗೆ ನಿಂತಿದ್ದ ನಿವೃತ್ತ ಮೇಷ್ಟ್ರು, “ಅಧ್ಯಕ್ಷರ ಈ ಸರಳತೆಗೆ ಒಂದು ಜೋರಾದ ಚಪ್ಪಾಳೆ,” ಎಂದರು. ಏಳು ಜನಕ್ಕೂ ಶಾಲು ಹೊದೆಸಿ, ಒಬ್ಬೊಬ್ಬರ ಪರಿಚಯವನ್ನು ಹುಟ್ಟೂರಿನಿಂದ ಎತ್ತಿಕೊಂಡು ಓದುವಷ್ಟರಲ್ಲಿ ಊಟದ ಹೊತ್ತಾಯಿತು. ಅವರಿಗೆ ಊಟ ಶೃಂಗೇರಿಯಲ್ಲಿ ಏರ್ಪಾಡಾಗಿತ್ತು.

ಕೊನೆಗೆ ನನ್ನ ಹೆಸರು ಕರೆದರು. ಎದ್ದು ನಿಂತು, “ಮಾನ್ಯರೆ, ಮಧ್ಯಾಹ್ನ ಮೂರು ಗಂಟೆ ಹತ್ತು ನಿಮಿಷಕ್ಕೆ...” ಎಂದು ಶುರುಮಾಡಿದೆ. ಅಧ್ಯಕ್ಷರು ಶಾಲಿನೊಳಗೆ ಬೆವರುತ್ತಿದ್ದರು. “ಚುಟುಕಾಗಿ ಹೇಳಿ. ಅಂಥ ಹುಡುಗರನ್ನ ದೊಡ್ಡವರ ಜೈಲಿಗೆ ಹಾಕಬೇಕಾ, ಬೇಡವಾ?”

“ಅದನ್ನ ಹೇಳೋಕೆ ಮುಂಚೆ ಸ್ವಾಮಿ, ಆ ಕತ್ತಿ...”

“ಹೌದು ಅನ್ನಿ, ಇಲ್ಲ ಅನ್ನಿ.”

ನನ್ನ ಬಾಯಿಂದ ಎರಡೂ ಹೊರಡಲಿಲ್ಲ. ಹಿಂದಿನಿಂದ ಯಾರೋ, “ಸ್ವಾಮಿಗಳು ಮೌನವ್ರತದಲ್ಲಿದ್ದಾರೆ!” ಎಂದರು. ಸಭೆ ನಕ್ಕಿತು. “ಬರವಣಿಗೆಯಲ್ಲಿ ಕೊಡಿ,” ಎಂದು ಅಧ್ಯಕ್ಷರು ಎದ್ದರು. ಕಾರುಗಳು ಹೋದವು.

ಖಾಲಿ ಸಭಾಂಗಣದಲ್ಲಿ ನಾನು ಕೂತೇ ಇದ್ದೆ. ಹಿಂದಿನ ಸಾಲಿನಿಂದ ಒಬ್ಬ ಹೆಂಗಸು ಎದ್ದು ಬಂದರು. ಮಡಿಕೆ ಬಿಚ್ಚಿ ಉಟ್ಟ ಒಳ್ಳೆಯ ಸೀರೆ, ಕೈಯಲ್ಲೊಂದು ಚೀಲ.

“ಝೆರಾಕ್ಸ್ ಅಂಗಡಿಯವ್ರು ನೀವೇ ಅಲ್ದಾ? ನಾನು ಅವನ ಅಮ್ಮ. ಮುತ್ತಿನಕೊಪ್ಪದಿಂದ ಬಂದೆ.”

ನಾನು ಕುರ್ಚಿ ಸಮೇತ ಹಿಂದೆ ಸರಿದೆ.

“ಹೆದರ್ಬೇಡಿ. ಚೀಲದಲ್ಲಿ ಬಾಳೆಹಣ್ಣು ಬಿಟ್ರೆ ಎಂತದೂ ಇಲ್ಲ.” ಪಕ್ಕದ ಕುರ್ಚಿಯಲ್ಲಿ ಕೂತರು. “ಅವನ್ನ ಇಟ್ಟಲ್ಲಿಗೆ ನೋಡಕ್ಕೆ ಹೋದ್ರೆ ನನ್ನ ಹತ್ರ ಬಾಯೇ ಬಿಡಲ್ಲ. ಅವತ್ತು ಎಂತ ಆಯ್ತು? ಒಂದೂ ಬಿಡದೆ ಹೇಳಿ.”

ಹೇಳಿದೆ. ಗಡಿಯಾರದಿಂದ ಶುರುಮಾಡಿ ಹೇಳಿದೆ. ಬಾಡಿಗೆ ಕುರ್ಚಿಯವರು ಬಂದು ನಮ್ಮಿಬ್ಬರ ಕುರ್ಚಿಗಳನ್ನು ಬಿಟ್ಟು ಉಳಿದವನ್ನೆಲ್ಲ ಪೇರಿಸಿದರು. ಆಮೇಲೆ, “ಏಳ್ತೀರಾ, ಹಾಗೇ ಲಾರಿಗೆ ಹಾಕದಾ?” ಎಂದರು. ಹೊರಗಿನ ಮೆಟ್ಟಿಲ ಮೇಲೆ ಕೂತು ಮುಂದುವರಿಸಿದೆ. ಆಕೆ ನಡುವೆ ಬಾಯಿ ಹಾಕಲಿಲ್ಲ. ನಾನು ನಿಲ್ಲಿಸಿದಾಗ ಮಾತ್ರ, “ಮತ್ತೆ?” ಎನ್ನುತ್ತಿದ್ದರು.

ಇದುವರೆಗೆ ಯಾರ ಮುಂದೆಯೂ ತಲುಪಲಾಗದೆ ಉಳಿದಿದ್ದ ಜಾಗಕ್ಕೆ ಅಂದು ತಲುಪಿದೆ. ಕತ್ತಿ ತಾಗಿದಾಗ ನನ್ನ ಮೈಯೆಲ್ಲ ನಡುಗುತ್ತಿತ್ತು. ಆಗ ಅವನು ಮೆಲ್ಲಗೆ, “ಅಣ್ಣ, ಅಲ್ಲಾಡ್ಬೇಡಿ, ತಾಗ್ತದೆ,” ಎಂದಿದ್ದ. ನನ್ನನ್ನು ಎಬ್ಬಿಸುತ್ತಿದ್ದುದು ಬರೀ ಕತ್ತಿಯಲ್ಲ, ಈ ಮಾತು. ಹೆದರಿಸಿದವನು ಅವನೇ, ಜೋಪಾನ ಮಾಡಿದವನೂ ಅವನೇ. ಇದಕ್ಕೆ ಹೌದು ಅನ್ನಲೋ, ಇಲ್ಲ ಅನ್ನಲೋ?

ಆಕೆ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಆಮೇಲೆ ಸೆರಗು ಸರಿಸಿ, “ಅಣ್ಣ ಅಂದ್ನಾ?” ಎಂದರು.

“ಅಂದ.”

“ಹಂಗಾರೆ ಅವ ಇನ್ನೂ ಅವನೇ,” ಎಂದು ಎದ್ದು, ಚೀಲದಿಂದ ಎರಡು ಬಾಳೆಹಣ್ಣು ತೆಗೆದು ನನ್ನ ಕೈಗಿಟ್ಟು ಬಸ್ಸಿಗೆ ಹೊರಟರು.

ಅಂದು ರಾತ್ರಿ ಮಲಗಿದವನು ಮರುದಿನ ಬಿಸಿಲು ಮುಖಕ್ಕೆ ಬಿದ್ದ ಮೇಲೆಯೇ ಎದ್ದೆ. ಬಾಗಿಲಲ್ಲಿ ಗಿರಾಕಿಗಳು ಬೈಯುತ್ತಿದ್ದರು. ಸಂತೋಷದಿಂದ ಬೈಸಿಕೊಂಡೆ. ಹಲ್ಲುಜ್ಜುತ್ತಿರುವಾಗ ತಟ್ಟನೆ ಹೊಳೆಯಿತು: ಆಕೆ ಬೆಳಿಗ್ಗೆಯಿಂದ ಒಳ್ಳೆಯ ಸೀರೆ ಉಟ್ಟು ಹಿಂದಿನ ಸಾಲಿನಲ್ಲಿ ಕೂತಿದ್ದದ್ದು ನನ್ನ ಕಥೆ ಕೇಳಲಿಕ್ಕಲ್ಲ, ಆ ಸಮಿತಿಗೆ ತಾನೂ ಏನೋ ಹೇಳಲಿಕ್ಕೆ. ಅದೇನೆಂದು ಮೇಷ್ಟ್ರು ಕೇಳಲಿಲ್ಲ, ಅಧ್ಯಕ್ಷರು ಕೇಳಲಿಲ್ಲ. ಆಕೆ ಬಸ್ಸಿಗೆ ಏಳುವವರೆಗೆ ಪಕ್ಕದಲ್ಲೇ ಕೂತು ಒಂದೇ ಸಮನೆ ಮಾತಾಡಿದ ನಾನೂ ಕೇಳಲಿಲ್ಲ. ಆಕೆ ಊರು ಸೇರಿ ಎಚ್ಚರವಾಗಿ ಬಿದ್ದುಕೊಂಡಿರಬಹುದಾದ ಹೊತ್ತಿಗೆ, ಬಾಳೆಹಣ್ಣು ತಿಂದು ನಾನು ಗೊರಕೆ ಹೊಡೆಯುತ್ತಿದ್ದೆ.