ನಲವತ್ತೈದರಲ್ಲಿ ಓಡಿದ ಭಜನೆ

ಸಂಗೀತ ಗೊತ್ತಿಲ್ಲದವನು ಗೊತ್ತಿರುವವನಂತೆ ಬದುಕಲು ಎರಡು ವಿದ್ಯೆ ಸಾಕು: ಕಣ್ಣು ಮುಚ್ಚುವುದು ಮತ್ತು ತಲೆಯಾಡಿಸುವುದು. ಇವೆರಡನ್ನೇ ನಂಬಿಕೊಂಡು ನಾನು ಕುವೈತಿನಲ್ಲಿ ಇಷ್ಟು ವರ್ಷ ರಸಿಕನೆನಿಸಿಕೊಂಡಿದ್ದೇನೆ. ಇಲ್ಲಿಯ ಅಲ್ ರಾಯ್ ಬಡಾವಣೆಯ ಶುಕ್ರವಾರದ ಸಂತೆಯಲ್ಲಿ ಸಿಕ್ಕಿದ ಹಳೆಯ ರೆಕಾರ್ಡ್ ಪ್ಲೇಯರೊಂದು ಬ್ನೇದ್ ಅಲ್ ಗಾರ್‌ನ ನಮ್ಮ ಫ್ಲಾಟಿನಲ್ಲಿ ಟಿವಿಗಿಂತ ಎತ್ತರದ ಜಾಗದಲ್ಲಿ ಕೂತಿದೆ. ಊರಿನಿಂದ ಹೊತ್ತು ತಂದ ನಾಗಸ್ವರದ ಪ್ಲೇಟುಗಳನ್ನು ಅದರ ಮೇಲಿಟ್ಟು ನಾನು ಕಣ್ಣು ಮುಚ್ಚಿದೆನೆಂದರೆ ಬಂದವರು ಗೌರವದಿಂದ ದನಿ ತಗ್ಗಿಸುತ್ತಾರೆ. ಅದು ತನ್ಮಯತೆಯೋ ನಿದ್ದೆಯೋ ಎಂಬುದು ಹೆಂಡತಿ ಸುಜಾತಾಗೆ ಮಾತ್ರ ಗೊತ್ತು. ಗೊರಕೆ ಶುರುವಾಗುವ ಮೊದಲು ಅವಳೇ ಬಂದು ಭುಜ ತಟ್ಟುತ್ತಾಳೆ.

ಈ ನನ್ನ ಮರ್ಯಾದೆಗೆ ಸಂಚಕಾರ ತಂದವಳು ಮಗಳು ನಿಶ್ಮಿತಾ. ಆಗ ಹನ್ನೆರಡನೇ ಕ್ಲಾಸು. ಕನ್ನಡ, ತುಳು ಎರಡೂ ಅರ್ಥವಾಗುತ್ತವೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ಅದೇ ಸಂತೆಯಲ್ಲಿ ಅವಳಿಗೂ ಒಂದು ಪ್ಲೇಟು ಸಿಕ್ಕಿತು. ತಿಂಡಿ ತಟ್ಟೆಯಷ್ಟು ಸಣ್ಣದು. ಪಂಕ್ ಎಂಬ ಅಬ್ಬರದ ಸಂಗೀತದ ಯಾವುದೋ ಹಳೆಯ ತಂಡದ ಮೊತ್ತಮೊದಲ ಹಾಡಂತೆ. ತಂದು ಹಾಕಿದಳು. ಅಡುಗೆಮನೆಯ ಕಪಾಟು ಕಳಚಿ ಬಿತ್ತೆಂದು ಸುಜಾತಾ ಮಲಗಿದ್ದಲ್ಲಿಂದ ಎದ್ದು ಓಡಿ ಬಂದಳು.

"ಇದೆಂತ ಮಾರಾಯ್ತಿ! ಇವರಿಗೆ ಬಾರಿಸ್ಲಿಕ್ಕೂ ಬರುದಿಲ್ಲ, ಹಾಡ್ಲಿಕ್ಕೂ ಬರುದಿಲ್ಲ" ಎಂದೆ ನಾನು.

"ಎಕ್ಸಾಕ್ಟ್ಲಿ ಅಪ್ಪಾ, ದಟ್ಸ್ ದ ಪಾಯಿಂಟ್!" ಎಂದಳು.

ಅವಳು ಉತ್ಸಾಹದಿಂದ ವಿವರಿಸಿದ್ದರ ಸಾರಾಂಶ ಇಷ್ಟು: ಆ ತಂಡದವರಿಗೆ ವಾದ್ಯ ನೆಟ್ಟಗೆ ಹಿಡಿಯಲೂ ಬರುತ್ತಿರಲಿಲ್ಲ. ಆದರೆ ಈ ಒಂದು ಹಾಡು ಕೇಳಿದವರೆಲ್ಲ 'ಇಷ್ಟೇನಾ, ಇದು ನಮಗೂ ಬರುತ್ತದೆ' ಎಂದು ತಂತಮ್ಮ ತಂಡ ಕಟ್ಟಿಬಿಟ್ಟರು. ಅದೇ ಆ ಹಾಡಿನ ಹಿರಿಮೆ. ನಿಜ ಹೇಳಬೇಕೆಂದರೆ ಇದರಲ್ಲಿ ನನಗೆ ಹೊಸತೇನೂ ಕಾಣಲಿಲ್ಲ. ನಮ್ಮ ಶುಕ್ರವಾರದ ಭಜನಾ ಮಂಡಳಿ ಹುಟ್ಟಿದ್ದೂ ಹಾಗೆಯೇ. ಸಾಲ್ಮಿಯಾ ಬಡಾವಣೆಯವರ ಭಜನೆ ಕೇಳಿ ಮೆಟ್ಟಿಲಿಳಿಯುವಾಗಲೇ ಮೇಲಿನ ಮನೆಯ ದಾಮಣ್ಣ "ಇಷ್ಟೇನಾ ಮಾರಾಯ್ರೆ? ಇದಕ್ಕೆ ಇಷ್ಟು ದೂರ ಬರ್ಬೇಕಿತ್ತಾ?" ಎಂದು ಹಾರ್ಮೋನಿಯಂ ಕೊಳ್ಳಲು ಹೊರಟಿದ್ದರು. ಮಗಳಿಗೆ ಅಷ್ಟು ಹೇಳಿದ್ದರೆ ಸಾಕಿತ್ತು. ಬಾಯಿಂದ ಬಂದದ್ದು ಮಾತ್ರ "ಡಬ್ಬ ಬಡಿದ ಹಾಗುಂಟು, ಆಫ್ ಮಾಡು" ಎಂಬ ಮಾತು. ಅವಳು ಆಫ್ ಮಾಡಿದಳು, ಹಾಡನ್ನೂ ನನ್ನೊಡನೆ ಮಾತನ್ನೂ.

ಇಲ್ಲಿಯ ನಮ್ಮ ಮಕ್ಕಳು ಹನ್ನೆರಡು ಮುಗಿಸಿ ಮಂಗಳೂರಿನ ಹಾಸ್ಟೆಲಿಗೆ ಹೋಗುವುದು ವಾಡಿಕೆ. ಜೂನ್ ದೂರವಿರಲಿಲ್ಲ. ಮುನಿಸಿಕೊಂಡೇ ವಿಮಾನ ಹತ್ತಿಬಿಟ್ಟರೆ ಎಂದು ನನಗೆ ನಿಜಕ್ಕೂ ಹೆದರಿಕೆಯಾಯಿತು. ಹಾಡನ್ನು ಅರ್ಥಮಾಡಿಕೊಂಡಾದರೂ ರಾಜಿಯಾಗೋಣವೆಂದು ಅವಳು ಟ್ಯೂಷನ್ನಿಗೆ ಹೋದ ಹೊತ್ತಿನಲ್ಲಿ ಆ ಸಣ್ಣ ಪ್ಲೇಟನ್ನು ಹಾಕಿದೆ.

ಆಶ್ಚರ್ಯ! ಹಾಡು ಎಷ್ಟು ಗಂಭೀರವಾಗಿತ್ತೆಂದರೆ ಗಾಯಕ ದೇವರ ಮುಂದೆ ಕಷ್ಟ ತೋಡಿಕೊಳ್ಳುತ್ತಿದ್ದಂತಿತ್ತು. ನನ್ನ ಕಿವಿ ಪಳಗಿತೆಂದು ಹೆಮ್ಮೆಪಟ್ಟೆ. ಸಕ್ಕರೆಗೆಂದು ಬಂದ ದಾಮಣ್ಣ ಬಾಗಿಲಲ್ಲೇ ನಿಂತರು. "ಯಾವ ಊರಿನ ಭಜನೆ ಇದು? ಭಾರೀ ಭಕ್ತಿ ಉಂಟಲ್ಲ!" ಎನ್ನುತ್ತ ಸಕ್ಕರೆ ಮರೆತು ಹಾರ್ಮೋನಿಯಂ ತಂದರು. "ಮೂರೇ ಸ್ವರ ಮಾರಾಯ್ರೆ, ಬೆರಳು ಹುಡುಕ್ಬೇಕಂತ ಇಲ್ಲ" ಎಂದು ಅದೇ ಧಾಟಿಗೆ ವಿಠಲನ ಭಜನೆಯೊಂದನ್ನು ಕೂರಿಸಿಯೇ ಬಿಟ್ಟರು. ನಾನು ಕಣ್ಣು ಮುಚ್ಚಿ ತಲೆಯಾಡಿಸಿದೆ.

ಶುಕ್ರವಾರ ಎಂದಿನಂತೆ ಕಿಟಕಿ ಮುಚ್ಚಿ, ಎಸಿ ಹಾಕಿ ಮೆತ್ತಗೆ ಭಜನೆ ಶುರುವಾಯಿತು. ಹೊಸ ಧಾಟಿಯಲ್ಲಿ ಎರಡು ಸಾಲು ಮುಗಿಯುವಾಗ ಚಹಾದ ಟ್ರೇ ಹಿಡಿದು ಬಂದ ನಿಶ್ಮಿತಾ ನಿಂತಲ್ಲೇ ನಿಂತಳು. ಟ್ರೇ ನನ್ನ ಕೈಗಿತ್ತು, ಪ್ಲೇಯರನ್ನು ನೋಡಿ, ಮತ್ತೆ ನನ್ನನ್ನು ನೋಡಿದಳು.

"ಅಪ್ಪಾ, ನೀವು ಇದನ್ನು ತರ್ಟಿ-ತ್ರೀಯಲ್ಲಿ ಹಾಕಿ ಕೇಳಿದ್ದಾ?"

ಎಷ್ಟೋ ದಿನಕ್ಕೆ ಮಾತು ಬಂತು, ಅದೂ ಕನ್ನಡದಲ್ಲಿ! ಪ್ಲೇಯರಿನ ಬದಿಯಲ್ಲಿ ಒಂದು ಕಡ್ಡಿಯಿದೆ. ದೊಡ್ಡ ಪ್ಲೇಟಿಗೆ ಮೂವತ್ತಮೂರರ ನಿಧಾನಗತಿ, ಸಣ್ಣದಕ್ಕೆ ನಲವತ್ತೈದರ ವೇಗ. ನಾಗಸ್ವರ ಬಿಟ್ಟು ಬೇರೇನೂ ಹಾಕದ ನನಗೆ ಆ ಕಡ್ಡಿ ಯಾಕಿದೆಯೆಂದೇ ಗೊತ್ತಿರಲಿಲ್ಲ. ಶಿಸ್ತಿನ ಮಗಳು ತನ್ನ ಹಾಡು ಮುಗಿದ ಕೂಡಲೇ ಅದನ್ನು ಮೂವತ್ತಮೂರಕ್ಕೆ ತಂದಿಟ್ಟಿದ್ದಳು. ಈಗ ಎಲ್ಲರೆದುರೇ ಪ್ಲೇಟಿಟ್ಟು ಕಡ್ಡಿಯನ್ನು ನಲವತ್ತೈದಕ್ಕೆ ಸರಿಸಿದಳು. ಅಡುಗೆಮನೆಯ ಕಪಾಟು ಮತ್ತೊಮ್ಮೆ ಕಳಚಿ ಬಿತ್ತು.

ನನಗೆ ಟ್ರೇಯ ಹಿಂದೆ ಅಡಗಿಕೊಳ್ಳುವಂತಾಯಿತು. ಆದರೆ ದಾಮಣ್ಣ ಅಳುಕುವವರಲ್ಲ. "ಸರಿಯೇ ಉಂಟಲ್ಲ! ಕಡೆಗೆ ಕಾಲ ಏರಿಸ್ಲೇಬೇಕು. ಹಿಡೀರಿ ತಾಳ!" ಎಂದರು. ಭಜನೆ ಮುಗಿಯುವಾಗ ವೇಗ ಏರಿಸುವುದು ನಮ್ಮವರಿಗೆ ರೂಢಿ; ಇಡೀ ಮಂಡಳಿ ವಿಠಲನನ್ನು ಎತ್ತಿಕೊಂಡು ಆ ಪಂಕಿನ ಬೆನ್ನಟ್ಟಿತು. ನಿಶ್ಮಿತಾ ಬಿದ್ದೂ ಬಿದ್ದೂ ನಗುತ್ತ ನನ್ನ ಪಕ್ಕದಲ್ಲೇ ಕೂತು ತಾಳ ಹಾಕಿದಳು. ಅಷ್ಟರಲ್ಲಿ ಕಟ್ಟಡದ ಕಾವಲುಗಾರ ಬಂದು ಬಾಗಿಲು ತಟ್ಟಿ "ಖಲಾಸ್, ಭಾಯಿ, ಖಲಾಸ್!" ಎನ್ನದಿದ್ದರೆ ನಾವು ನಿಲ್ಲಿಸುವ ಹಾಗಿರಲಿಲ್ಲ.

ಆ ದಿನ ಅತಿಥಿಗಳಾಗಿ ಬಂದಿದ್ದ ರುಮೈಥಿಯಾದ ಇಬ್ಬರು ಮೆಟ್ಟಿಲಿಳಿಯುತ್ತ "ಇಷ್ಟೇನಾ!" ಎಂದರಂತೆ. ಈಗ ಅಲ್ಲೂ ಒಂದು ಮಂಡಳಿಯಿದೆ. "ಯು ಆರ್ ಇನ್‌ಫ್ಲುಯೆನ್ಶಿಯಲ್, ಅಪ್ಪಾ" ಎಂದು ಮಗಳು ಏರ್‌ಪೋರ್ಟಿನಲ್ಲಿಯೂ ನಗಿಸಿಯೇ ಹೋದಳು.

ಪ್ಲೇಟನ್ನು ಜೊತೆಗೆ ಒಯ್ದಳು, ಕಡ್ಡಿಯನ್ನು ಮಾತ್ರ ಈ ಸಲ ಹಿಂದಕ್ಕೆ ಸರಿಸಲು ಮರೆತಿದ್ದಳು. ನಮ್ಮ ನಾಗಸ್ವರದ ವಿದ್ವಾಂಸರು ಈಗ ಕಡೆಯ ಬಸ್ಸು ಹಿಡಿಯುವವರಂತೆ ಊದುತ್ತಾರೆ. "ಅದನ್ನೊಮ್ಮೆ ಸರಿ ಮಾಡ್ಬಾರ್ದಾ?" ಎನ್ನುತ್ತಾಳೆ ಸುಜಾತಾ. ಮಗಳು ಇಟ್ಟ ಹಾಗೇ ಇರಲಿ ಎಂದು ನಾನು ಕಣ್ಣು ಮುಚ್ಚಿ ತಲೆಯಾಡಿಸುತ್ತೇನೆ, ಈಗೀಗ ಸ್ವಲ್ಪ ಬೇಗ ಬೇಗ.