ಜಲಪಾತದ ದಾರಿಯಲ್ಲಿ ಅರ್ನೆಸ್ಟೀನ್ ಅಜ್ಜಿ

ಅವತ್ತು ಬೆಳಿಗ್ಗೆ ಕಥ್ಬರ್ಟ್ ರೇಡಿಯೋ ಹಾಕಲಿಲ್ಲ. ಮಾಡಿದ ತಪ್ಪು ಅಷ್ಟೇ. ಗ್ರೆನಾಡ ದ್ವೀಪದಲ್ಲಿ ರೇಡಿಯೋದ ಬೆಳಗಿನ ಸಾವಿನ ಸುದ್ದಿ ಕೇಳದೆ ಹೊರಗೆ ಹೊರಡುವವರು ಪ್ರವಾಸಿಗಳು ಮಾತ್ರ. ಆದರೆ ಅದು ಪ್ರವಾಸಿಗಳ ಹಡಗು ಬರುವ ದಿನ. ಅವನು ವ್ಯಾನು ತೊಳೆಯುತ್ತಿದ್ದ. ಹಿಂದಿನ ವಾರ ಟೈರು ಒಡೆದು ಜನರನ್ನು ತಡವಾಗಿ ಕರೆತಂದಿದ್ದಕ್ಕೆ, ಹಡಗಿನಲ್ಲಿ ಪ್ರವಾಸಗಳನ್ನು ನೋಡಿಕೊಳ್ಳುವ ಮಿಸ್ ಡಾಲ್ಬಿ ಬೆರಳೆತ್ತಿ ಹೇಳಿದ್ದಳು: “ಇನ್ನೊಂದು ದೂರು ಬಂದ್ರೆ ನಿನ್ನ ಗೈಡ್ ಬಿಲ್ಲೆ ಕಿತ್ಕೋತೀನಿ.” ಕೊರಳಲ್ಲಿ ಬಿಲ್ಲೆ ಇಲ್ಲದ ಗೈಡಿಗೆ ಬಂದರಿನೊಳಗೆ ಬೀದಿನಾಯಿಗಿರುವಷ್ಟೂ ಹಕ್ಕಿಲ್ಲ.

ಬಂದರಿನ ಗೇಟಿನಲ್ಲಿ ಜಾಯಿಕಾಯಿ ಮಾರುವ ಹಾರ್ಕೋರ್ಟ್ ತಾತ ಕೂಗಿದ: “ಲೋ, ರೇಡಿಯೋ ಕೇಳ್ದೇನೋ? ಇವತ್ತು ಗ್ವಾವ್‌ನಲ್ಲಿ—” ಉಳಿದದ್ದನ್ನು ಕೆಮ್ಮು ನುಂಗಿತು. ತಾತನ ಕೆಮ್ಮು ಹಳೆಯ ದೋಣಿಯ ಇಂಜಿನ್ನಿನಂಥದು. ಹತ್ತಿಕೊಂಡರೆ ಸುಲಭಕ್ಕೆ ಆರದು. ಕಥ್ಬರ್ಟ್ ಕಾಯದೆ, ಪ್ರವಾಸಿಗಳನ್ನು ಹತ್ತಿಸಿಕೊಂಡು ಜಲಪಾತದ ಕಡೆ ಹೊರಟ.

ಗ್ವಾವ್ ಊರಿನ ತಿರುವು ದಾಟಿದ್ದೇ ಎದುರಿಗೆ ಶವದ ಗಾಡಿ, ಅದರ ಹಿಂದೆ ಬ್ಯಾಂಡು, ಬ್ಯಾಂಡಿನ ಹಿಂದೆ ಇಡೀ ಊರು. ಶವದ ಗಾಡಿಯನ್ನು ದಾಟಿ ಮುಂದೆ ಹೋಗುವ ಚಾಲಕ ಆ ದ್ವೀಪದಲ್ಲಿ ಇನ್ನೂ ಹುಟ್ಟಿಲ್ಲ. ಕಥ್ಬರ್ಟ್ ಬ್ರೇಕು ಒತ್ತಿ ಟೋಪಿ ತೆಗೆದ.

ಕಿಟಕಿಯಲ್ಲಿ ಯುಫೀಮಿಯಾ ಅತ್ತೆಯ ಕಪ್ಪು ಹ್ಯಾಟು ಕಾಣಿಸಿತು.

“ಈಗ ಬಂದ್ಯಾ? ರೇಡಿಯೋದಲ್ಲಿ ನಿನ್ನ ಹೆಸರೂ ಓದಿದ್ರಲ್ಲೋ! ‘ದುಃಖತಪ್ತ ಮೊಮ್ಮಗ, ವ್ಯಾನಿನ ಕಥ್ಬರ್ಟ್’ ಅಂತ!”

“ಯಾರು ಹೋದ್ರು, ಅತ್ತೆ?”

“ಅರ್ನೆಸ್ಟೀನ್ ಅಜ್ಜಿ ಕಣೋ! ನಿನ್ನ ಮೂಗು ಒರೆಸಿ ಒರೆಸಿ ದೊಡ್ಡೋನ್ ಮಾಡ್ದೋಳು!”

“ವ್ಯಾನಲ್ಲಿ ಜನ ಇದಾರೆ, ಅತ್ತೆ. ಜಲಪಾತ ತೋರಿಸ್ಬೇಕು...”

“ಜಲಪಾತ ನಾಳೆನೂ ಬೀಳತ್ತೆ. ಅಜ್ಜಿ ಮಣ್ಣಿಗೆ ಹೋಗೋದು ಇವತ್ತೇ. ಬಾಗಿಲು ತೆಗಿ!”

ಅತ್ತೆ ಹತ್ತಿದಳು. ಕೈಯಲ್ಲಿದ್ದ ದೊಡ್ಡ ಹೂಚಕ್ರವನ್ನು ಮುಂದಿನ ಸೀಟಿನಲ್ಲಿದ್ದ ಪ್ರವಾಸಿ ಮಿಸೆಸ್ ಹಾಲ್ವರ್ಸನ್ನಳ ಮಡಿಲಿಗಿಟ್ಟಳು.

“ಇದು ಕಾರ್ಯಕ್ರಮದಲ್ಲಿದೆಯೇನಪ್ಪ?” ಎಂದು ಆಕೆ ಕಥ್ಬರ್ಟನನ್ನು ಕೇಳಿದಳು.

ಇಲ್ಲ ಎಂದರೆ ದೂರು. ಹೊರಗೆ ಬ್ಯಾಂಡಿನ ಡೋಲು ಎರಡು ಸಲ ಬಡಿಯಿತು.

“ಇದೇ ಕಾರ್ಯಕ್ರಮ, ಮೇಡಂ.”

ಆಮೇಲೆ ಯಾವುದೂ ಅವನ ಕೈಯಲ್ಲಿರಲಿಲ್ಲ. ಪೆಟ್ಟಿಗೆ ಹೊರಲು ಒಬ್ಬ ಕಡಿಮೆಯಾದಾಗ ಅತ್ತೆ ಆಕೆಯ ಗಂಡ, ದಂತವೈದ್ಯ ಹಾಲ್ವರ್ಸನ್ನನ ತೋಳು ಹಿಡಿದಳು: “ಒಳ್ಳೇ ಎತ್ತರ ಇದ್ದೀರಿ, ಬನ್ನಿ, ಹೆಗಲು ಕೊಡಿ.” ಚರ್ಚಿನಲ್ಲಿ ಪ್ರವಾಸಿಗಳೆಲ್ಲ ಸಾಲಾಗಿ ನಿಂತು ತೆರೆದ ಪೆಟ್ಟಿಗೆಯಲ್ಲಿ ಇಣುಕಿದರು. ಮಿಸೆಸ್ ಹಾಲ್ವರ್ಸನ್ ಎಷ್ಟು ಅತ್ತಳೆಂದರೆ, ಅಜ್ಜಿಯ ಸ್ವಂತ ಮಗಳೇ ತನ್ನ ಅಳು ನಿಲ್ಲಿಸಿ ಅವಳನ್ನು ಸಮಾಧಾನ ಮಾಡಬೇಕಾಯಿತು.

ಕಥ್ಬರ್ಟನಿಗೂ ಅಳಬೇಕಿತ್ತು. ಗುಂಡಿಗೆ ಮಣ್ಣು ಹಾಕುವಾಗ ಅಜ್ಜಿ ತನ್ನ ಮೂಗು ಒರೆಸುತ್ತಿದ್ದ ಲಂಗದ ಸಾಬೂನಿನ ವಾಸನೆ ನೆನಪಾಯಿತು. ಆದರೆ ಕಣ್ಣು ಕೈಗಡಿಯಾರದ ಮೇಲಿತ್ತು.

ಮಣ್ಣು ಮುಗಿದ ಮೇಲೆ ತೆಂಗಿನ ಹಾಲಿನಲ್ಲಿ ಬೆಂದ ದೀವಿಹಲಸು, ಉಪ್ಪು ಮಾಂಸ, ರಮ್ಮು. ಪ್ರವಾಸಿಗಳಲ್ಲಿ ಒಬ್ಬರೂ ಏಳಲೊಲ್ಲರು. ದಂತವೈದ್ಯ ಊರಿನ ಪಾದ್ರಿಯ ಬಾಯಿ ತೆರೆಸಿ ಹಲ್ಲು ನೋಡುತ್ತಿದ್ದ. ಕೊನೆಗೆ ಎಲ್ಲರನ್ನೂ ಕೋಳಿಗಳಂತೆ ಅಟ್ಟಿಕೊಂಡು, ಕಥ್ಬರ್ಟ್ ಬಂದರಿಗೆ ವ್ಯಾನು ಹಾರಿಸಿದ.

ಹಡಗು ಕೊನೆಯ ಕೂಗು ಹಾಕುತ್ತಿತ್ತು. ಮೆಟ್ಟಿಲ ಬುಡದಲ್ಲಿ ಮಿಸ್ ಡಾಲ್ಬಿ ಕೈಕಟ್ಟಿ ನಿಂತಿದ್ದಳು. ಪ್ರವಾಸಿಗಳು ಅವಳನ್ನು ಮುತ್ತಿಕೊಂಡು ಒಟ್ಟಿಗೇ ಮಾತಾಡತೊಡಗಿದರು. ಕಥ್ಬರ್ಟ್ ತಾನಾಗಿಯೇ ಕೊರಳಿನ ಬಿಲ್ಲೆ ಬಿಚ್ಚಿ ಅವಳ ಮುಂದೆ ಹಿಡಿದ.

“ಅದ್ಯಾಕೆ ಬಿಚ್ಚಿದ್ದು? ಹಾಕ್ಕೋ!” ಎಂದಳು ಅವಳು. ಮುಖ ಅರಳಿತ್ತು. “ಜಲಪಾತ ಎಲ್ಲಾ ದ್ವೀಪದಲ್ಲೂ ಇರತ್ತೆ. ಇಂಥಾ ನಾಟಕ ಎಲ್ಲೂ ಇಲ್ವಂತೆ! ಪೆಟ್ಟಿಗೆಯಲ್ಲಿ ಮಲಗಿದ್ದ ಮುದುಕಿಯಂತೂ ಅದ್ಭುತವಂತೆ, ಒಂದು ಸಲಾನೂ ಉಸಿರಾಡ್ಲಿಲ್ವಂತೆ!”

“ಮೇಡಂ, ಅದು...”

“ಮುಂದಿನ ಬುಧವಾರ ನಲವತ್ತು ಜನ. ಇದೇ ಕಾರ್ಯಕ್ರಮ. ಒಂದಿಷ್ಟು ಕಡಿಮೆಯಾದ್ರೂ ಬಿಲ್ಲೆ ನನ್ನ ಕೈಗೆ ಬರತ್ತೆ, ಗೊತ್ತಲ್ಲ?”

ಹಡಗು ಹೋಯಿತು. ಖಾಲಿ ಬಂದರಿನಲ್ಲಿ ಹಾರ್ಕೋರ್ಟ್ ತಾತ ಜಾಯಿಕಾಯಿ ಚೀಲ ಕಟ್ಟುತ್ತಿದ್ದ. ಕಥ್ಬರ್ಟ್ ಪಕ್ಕದಲ್ಲಿ ಕೂತು ಬುಧವಾರಕ್ಕೆ ಎಷ್ಟು ದಿನ ಉಳಿದಿದೆ ಎಂದು ಬೆರಳೆಣಿಸಿದ. ಆಮೇಲೆ ಮೆಲ್ಲಗೆ ಕೇಳಿದ:

“ತಾತ, ಕೆಮ್ಮು ಹೇಗಿದೆ?”

ತಾತನ ಕಣ್ಣು ತುಂಬಿಬಂತು. ಈ ಬಂದರಿನಲ್ಲಿ ಇದುವರೆಗೆ ಯಾರೂ ಕೇಳಿರಲಿಲ್ಲ.

“ನೀನೊಬ್ನೇ ಕಣೋ ಕೇಳ್ದೋನು! ಮಧ್ಯಾಹ್ನ ಹೊಸ ಡಾಕ್ಟ್ರು ಔಷಧಿ ಕೊಟ್ರು, ಪೂರ್ತಿ ನಿಂತುಹೋಯ್ತು. ನೂರು ವರ್ಷ ಗ್ಯಾರಂಟಿ ಅಂದ್ರು!”

ಕಥ್ಬರ್ಟ್ ತಲೆಯ ಮೇಲೆ ಕೈಹೊತ್ತು ಕೂತ.